ಬೆಲ್ಟು ಒಂದೇ ಕಡೆ ಸವೆದಿತ್ತು

ಗೌರತ್ತೆ ತೀರಿಕೊಂಡ ಮೇಲೆ ಮಾತನಾಡಿಸಲು ಬಂದವರೆಲ್ಲ ನನ್ನನ್ನು ಹೊಗಳಿದರು. ಗಂಡ ಇಲ್ಲದ, ಮಕ್ಕಳಿಲ್ಲದ ಸೋದರತ್ತೆಯನ್ನು ಹಾಸನದ ನನ್ನ ಮನೆಯಲ್ಲಿ ಹನ್ನೊಂದು ವರ್ಷ ಇಟ್ಟುಕೊಂಡು ಸಾಕಿದೆ ಎಂಬುದು ಅವರ ಮಾತು. ಹೊಳೆನರಸೀಪುರದಿಂದ ಬಂದಿದ್ದ ನೆಂಟರ ಹೆಂಗಸೊಬ್ಬಳು ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ತಂದುಕೊಂಡಳು.

"ಹೆತ್ತ ಮಗಳೂ ಇಂಗೆ ಮಾಡಾಕಿಲ್ಲ ಕಣವ್ವ. ನಿಂಗೆ ಒಳ್ಳೇದಾಯ್ತದೆ."

ನಾನು ತಲೆಯಾಡಿಸಿ ಅವಳಿಗೆ ಕಾಫಿ ಕೊಟ್ಟೆ. ಚಿಕ್ಕವಳಿದ್ದಾಗ ಇದೇ ಅತ್ತೆಯ ಕೋಣೆಗೆ ದಿನಾ ಬೆಳಿಗ್ಗೆ ಹೊರಗಿನಿಂದ ಚಿಲಕ ಹಾಕುತ್ತಿದ್ದವಳು ನಾನೇ ಎಂದು ಹೇಳಬೇಕಾಗಿತ್ತು. ಬಾಯಿ ಬರಲಿಲ್ಲ. ನಾನು ಹತ್ತನೇ ತರಗತಿಯವರೆಗೆ ಓದಿದವಳು, ಪತ್ರ ಬಿಟ್ಟು ಬೇರೇನೂ ಬರೆದು ಅಭ್ಯಾಸವಿಲ್ಲ. ಆದರೂ ಬಾಯಲ್ಲಿ ಹೇಳುವುದಕ್ಕಿಂತ ಬರೆಯುವುದೇ ನನಗೆ ಸುಲಭವೆಂದು ಕಾಣುತ್ತದೆ.

ಹೊಳೆನರಸೀಪುರದಲ್ಲಿ ನಮ್ಮ ಮನೆ ಹೊಳೆಯ ಕಡೆಗೆ ಇಳಿಯುವ ಬೀದಿಯಲ್ಲಿತ್ತು. ಅಗಲ ಕಡಿಮೆ, ಉದ್ದ ಹೆಚ್ಚು. ಮುಂದೆ ಜಗಲಿ, ಜಗಲಿಯ ಎಡಕ್ಕೆ ಒಂದು ಸಣ್ಣ ಕೋಣೆ, ಒಳಗೆ ನಡುಮನೆ, ಅದರಾಚೆ ಹೊಗೆ ಹಿಡಿದ ಅಡುಗೆಮನೆ, ಹಿತ್ತಲಲ್ಲಿ ಬಚ್ಚಲು. ಜಗಲಿಯ ಮುಂದೆ ತಗಡಿನ ಚಪ್ಪರ ಹಾಕಿ ಅಪ್ಪ ತನ್ನ ಅಂಬಾಸಿಡರ್ ಕಾರನ್ನು ನಿಲ್ಲಿಸುತ್ತಿದ್ದ. ಅದು ಬಾಡಿಗೆ ಕಾರು, ಅಪ್ಪನ ಕೈಗೆ ಬರುವಾಗಲೇ ಹಳೆಯದು. ಮನೆಯಲ್ಲಿ ಅತಿ ಹೆಚ್ಚು ಮರ್ಯಾದೆ ಇದ್ದದ್ದು ಅದಕ್ಕೇ. ಅಪ್ಪ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ತನ್ನ ಹಣೆಗೆ ವಿಭೂತಿ ಇಟ್ಟುಕೊಂಡ ಬೆರಳುಗಳಿಂದಲೇ ಬಾನೆಟ್ಟಿನ ಮೇಲೂ ಮೂರು ಪಟ್ಟೆ ಎಳೆಯುತ್ತಿದ್ದ. ಆಮೇಲೆ ಊದುಕಡ್ಡಿ. ಅದಕ್ಕೆ ಊದುಕಡ್ಡಿಯ ಹೊಗೆ ತಾಗಿದ ಮೇಲೆಯೇ ನಮಗೆ ರೊಟ್ಟಿ. ಹೆಂಗಸರು ಕಾರನ್ನು ಮುಟ್ಟುವಂತಿರಲಿಲ್ಲ. ಅವ್ವ ಮದುವೆಯಾಗಿ ಬಂದಮೇಲೆ ಅರಕಲಗೂಡಿನ ತನ್ನ ತವರಿಗೆ ಬಸ್ಸಿನಲ್ಲಿ ಹೋದದ್ದೇ ಹೆಚ್ಚು.

ಜಗಲಿಯ ಪಕ್ಕದ ಕೋಣೆ ಗೌರತ್ತೆಯದು. ಅವಳು ಅಪ್ಪನ ತಂಗಿ. ರಾಮನಾಥಪುರಕ್ಕೆ ಕೊಟ್ಟಿದ್ದರು, ಎರಡನೆಯ ವರ್ಷವೇ ಗಂಡ ಕಾಮಾಲೆಯಾಗಿ ಹೋದ. ಆ ಮನೆಯವರು ಒಂದು ಟ್ರಂಕನ್ನೂ ಒಂದು ಹೊಲಿಗೆ ಮಿಷನ್ನನ್ನೂ ಬಸ್ಸಿನ ಮೇಲೆ ಹಾಕಿ ಅವಳನ್ನು ಕಳಿಸಿಕೊಟ್ಟಿದ್ದರು. ಮಿಷನ್ನು ಕಾಲಲ್ಲಿ ತುಳಿಯುವಂಥದು. ಬೆಳಕಿಗಾಗಿ ಅವಳು ಅದನ್ನು ಬೀದಿ ಕಡೆಯ ಕಿಟಕಿಗೆ ಒತ್ತಿ ಹಾಕಿಕೊಂಡಿದ್ದಳು. ಆ ಕಿಟಕಿ ನೇರ ಕಾರಿನ ಮೂತಿಗೆ ಎದುರು. ರವಿಕೆ ಹೊಲಿಯುವುದರಲ್ಲಿ ಅವಳ ಕೈ ಎಷ್ಟು ಹೆಸರಾಗಿತ್ತೆಂದರೆ ದುದ್ದದಿಂದ, ಹಳ್ಳಿಮೈಸೂರಿನಿಂದ ಹೆಂಗಸರು ಮದುವೆ ಬಟ್ಟೆ ಗಂಟು ಕಟ್ಟಿಕೊಂಡು ಬರುತ್ತಿದ್ದರು. ನನ್ನ ಲಂಗಗಳೆಲ್ಲ ಅವಳು ಹೊಲಿದವೇ. ಅಂಚಿಗೆ ಎರಡು ಮಡಿಕೆ ಹೆಚ್ಚಿಗೆ ಇಟ್ಟು, ನಾನು ಬೆಳೆದಂತೆಲ್ಲ ಒಂದೊಂದೇ ಬಿಚ್ಚುತ್ತಿದ್ದಳು.

ನಾನು ಐದನೇ ತರಗತಿಯಲ್ಲಿದ್ದಾಗ ಕಾರಿನ ಬೆಲ್ಟು ಹರಿಯಲು ಶುರುವಾಯಿತು. ಇಂಜಿನ್ನಿನ ಮುಂದೆ ಮೂರು ಚಕ್ರಗಳನ್ನು ಬಳಸಿಕೊಂಡು ಓಡುವ ರಬ್ಬರಿನ ಪಟ್ಟಿ ಅದು. ನೀರಿನ ಪಂಪನ್ನೂ ಫ್ಯಾನನ್ನೂ ತಿರುಗಿಸುತ್ತದೆ, ಡೈನಮೋ ತಿರುಗಿಸಿ ಬ್ಯಾಟರಿಗೆ ಕರೆಂಟು ತುಂಬುತ್ತದೆ. ಹರಿದರೆ ನೀರು ಕುದಿದು ಕಾರು ದಾರಿಯಲ್ಲೇ ನಿಲ್ಲುತ್ತದೆ. ಒಂದು ಬೆಲ್ಟು ಏನಿಲ್ಲವೆಂದರೂ ಎರಡು ವರ್ಷ ಬರಬೇಕು ಎಂದು ಅಪ್ಪ ಹೇಳುತ್ತಿದ್ದ. ಮೊದಲನೆಯದು ಹಳ್ಳಿಮೈಸೂರಿನ ಹತ್ತಿರ, ಹೊಗೆಸೊಪ್ಪಿನ ವ್ಯಾಪಾರಿಯೊಬ್ಬ ಕಾರಿನಲ್ಲಿದ್ದಾಗ ಹರಿಯಿತು. ಎರಡನೆಯದು ಎರಡೇ ತಿಂಗಳಿಗೆ, ದುದ್ದದ ದಾರಿಯಲ್ಲಿ. ಅಂಗಡಿಯವನು ನಕಲಿ ಮಾಲು ಕೊಟ್ಟನೆಂದು ಅಪ್ಪ ಚನ್ನರಾಯಪಟ್ಟಣದಿಂದ ಬೇರೆ ಬೆಲ್ಟು ತರಿಸಿದ. ಚಾಲೂ ಮಾಡಿದಾಗ ಕಿರ್ರೆಂದು ಕೂಗುತ್ತದೆಂದು ಅದಕ್ಕೆ ಬಟ್ಟೆ ಸೋಪು ತಿಕ್ಕಿದ. ಕೂಗು ಎರಡು ದಿನ ನಿಂತು ಮತ್ತೆ ಬಂತು. ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ. ಮೂರನೆಯ ಬೆಲ್ಟು ಅರಕಲಗೂಡಿಗೆ ಹೆಣ್ಣು ನೋಡಲು ಹೊರಟವರನ್ನು ಕರೆದೊಯ್ಯುವಾಗ ನಡುದಾರಿಯಲ್ಲಿ ಕಿತ್ತುಕೊಂಡಿತು. ಅವರು ಬಿಸಿಲಲ್ಲಿ ನಿಂತು, ಹೊತ್ತು ಮೀರಿ ಹೋಗಿ, ಆ ಸಂಬಂಧ ಕೂಡಲಿಲ್ಲ. ಹುಡುಗನ ದೊಡ್ಡಪ್ಪ ಬಸ್ ಸ್ಟ್ಯಾಂಡಿನ ಟ್ಯಾಕ್ಸಿಯವರೆಲ್ಲರ ಎದುರಿಗೆ ಅಪ್ಪನಿಗೆ "ನಿಂದು ಕಾರಲ್ಲ ಕಣಯ್ಯ, ಕರ್ಮ" ಎಂದು ಉಗಿದನಂತೆ.

ಆ ದಿನ ಅಪ್ಪ ಕೈಕಾಲು ತೊಳೆಯದೆ ಊಟಕ್ಕೆ ಕೂತ. ಅವ್ವ ಮುದ್ದೆ ಇಟ್ಟು ಹುರುಳಿ ಸಾರು ಬಿಟ್ಟಳು. ಅವನು ಮುಟ್ಟಲಿಲ್ಲ.

"ಬೆಳಿಗ್ಗೆ ನಾನು ಹೊಂಟಾಗ ಎದುರ್ಗೆ ಯಾರು ಬಂದ್ರು? ಯೋಳ್ರಿ."

"ಯಾರು ಬಂದ್ರೋ ಏನೋ, ನಾನು ಒಲೆ ಮುಂದಿದ್ದೆ," ಎಂದಳು ಅವ್ವ.

ಅಪ್ಪ ನನ್ನ ಕಡೆ ನೋಡಿದ. ಅವನು ನನ್ನನ್ನು ಏನಾದರೂ ಕೇಳುತ್ತಿದ್ದುದೇ ಅಪರೂಪ. ಉತ್ತರ ಗೊತ್ತಿರುವ ಹುಡುಗಿ ತರಗತಿಯಲ್ಲಿ ಕೈ ಎತ್ತುವಂತೆ ನಾನು ಹೇಳಿದೆ.

"ಅತ್ತೆ ಕಿಟಕೀಲಿ ಕೂತಿತ್ತು ಅಪ್ಪ. ಮಿಷನ್ ತುಳೀತಾ."

"ದುದ್ದದ ತಾವ ಕಿತ್ಕೋತಲ್ಲ, ಅವತ್ತು?"

"ಅವತ್ತೂ ಕೂತಿತ್ತು."

ಸುಳ್ಳಲ್ಲ. ಅವಳು ದಿನಾ ಕೂತಿರುತ್ತಿದ್ದಳು. ಬೆಲ್ಟು ಹರಿಯದ ದಿನಗಳಲ್ಲೂ ಕೂತಿರುತ್ತಿದ್ದಳು. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಗೌರತ್ತೆ ನಡುಮನೆಯ ಕಂಬದ ಪಕ್ಕ ತಟ್ಟೆ ಹಿಡಿದು ಕೂತಿದ್ದಳು. ಅಪ್ಪ ಎದ್ದು ಹೋಗಿ ಕಾರಿನಿಂದ ಹರಿದ ಬೆಲ್ಟನ್ನು ತಂದು ಅವಳ ತಟ್ಟೆಗೇ ಎಸೆದ. ಸಾರು ಅವಳ ಸೀರೆಗೆ ಹಾರಿತು.

"ನೋಡ್ಕಾ ನಿನ್ ಕೆಲ್ಸವ. ಒಂದು ಮನೆ ತಿಂದು ಬಂದೆ. ಇಲ್ಲಿ ನನ್ ಬೆಲ್ಟು ತಿಂತಾ ಕುಂತಿದ್ದೀಯಾ?"

ಮರುದಿನದಿಂದ ಹೊಸ ಕ್ರಮ ಬಂತು. ಕಾರು ಹೊರಡುವಾಗ ಅತ್ತೆ ಕಣ್ಣಿಗೆ ಬೀಳಬಾರದು, ಕಿಟಕಿಯ ಬಾಗಿಲು ಮುಚ್ಚಿಕೊಂಡು ಕೋಣೆಯೊಳಗೇ ಇರಬೇಕು. ಕೋಣೆಯ ಬಾಗಿಲಿಗೆ ಜಗಲಿಯ ಕಡೆಯಿಂದ ಚಿಲಕವಿತ್ತು. ಅವ್ವನಿಗೆ ಆ ಹೊತ್ತಿನಲ್ಲಿ ಒಲೆಯ ಕೆಲಸ, ಹಾಗಾಗಿ ಚಿಲಕ ನನ್ನ ಪಾಲಿಗೆ ಬಂತು. ಅಪ್ಪ ಊದುಕಡ್ಡಿ ಸಿಕ್ಕಿಸಿ "ಹಾಕಮ್ಮಿ" ಎನ್ನುತ್ತಿದ್ದ. ನಾನು ಓಡಿಹೋಗಿ ತುದಿಗಾಲಲ್ಲಿ ನಿಂತು ಚಿಲಕ ಹಾಕಿ "ಆಯ್ತಪ್ಪಾ" ಎಂದು ಕೂಗುತ್ತಿದ್ದೆ. ಅದರಲ್ಲಿ ನನಗೆ ಖುಷಿಯಿತ್ತು. ಕಾರಿಗೆ ಸಂಬಂಧಪಟ್ಟ ಒಂದು ಕೆಲಸ ಹೆಣ್ಣುಮಗಳಾದ ನನಗೆ ಸಿಕ್ಕಿತ್ತು. ಕಾರು ಬೀದಿ ತಿರುಗಿದ ಮೇಲೆ ತೆಗೆಯಬೇಕು. ಕೆಲವು ದಿನ ಬೇಕೆಂದೇ ತಡ ಮಾಡಿ, ಒಳಗಿನಿಂದ ಅವಳು "ತಗೀ ಮಗ" ಎಂದು ಎಷ್ಟು ಸಲ ಕರೆಯುತ್ತಾಳೆಂದು ಎಣಿಸುತ್ತಿದ್ದೆ.

ಒಂದು ದಿನ ತೆಗೆಯುವುದನ್ನೇ ಮರೆತೆ. ಅವ್ವ ಅರಕಲಗೂಡಿಗೆ ಹೋಗಿದ್ದಳು. ನಾನು ಚಿಲಕ ಹಾಕಿ, ಮನೆಯ ಮುಂಬಾಗಿಲಿಗೆ ಬೀಗ ಹಾಕಿ, ಶಾಲೆಗೆ ಓಡಿದೆ. ಸಂಜೆ ಬಂದು ನೋಡಿದರೆ ಕೋಣೆ ನಿಶ್ಶಬ್ದ. ಚಿಲಕ ತೆಗೆದೆ. ಗೌರತ್ತೆ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ತನ್ನ ಹಳೆಯ ಸೀರೆಯ ತುಂಡಿನಿಂದ ನೆಲ ಒರೆಸುತ್ತಿದ್ದಳು. ವಾಸನೆ ಬಂತು. ನಾನು ಮೂಗು ಹಿಡಿದುಕೊಂಡೆ. ಅವಳು ತಲೆ ಎತ್ತದೆ, "ಒಂದು ತಂಬಿಗೆ ನೀರು ತಂದ್ಕೊಡು ಮಗ. ನಿಮ್ಮಪ್ಪಂಗೆ ಯೋಳ್ಬೇಡ," ಎಂದಳು. ನೀರು ತಂದುಕೊಟ್ಟೆ. ಅಪ್ಪನಿಗೆ ಹೇಳಿಯೂ ಹೇಳಿದೆ, ನಗು ಬರುವ ಸಂಗತಿಯೆಂದು. ಅವನು ನಿಜವಾಗಿಯೂ ನಕ್ಕ.

"ಅದ್ಕೇ ನೋಡು ಇವತ್ತು ಹಾಸನಕ್ಕೆ ಎರಡು ಟ್ರಿಪ್ಪು ಸಿಕ್ತು. ದಿನಪೂರ್ತಿ ಹಾಕಿದ್ರೂ ತಪ್ಪಿಲ್ಲ ಬುಡು."

ಗೌರತ್ತೆಗೆ ಅದು ಕೇಳಿಸಿತು. ಕಂಬದ ಪಕ್ಕದಲ್ಲೇ ಇದ್ದಳು. ಅವತ್ತಿನಿಂದ ಅವಳು ರಾತ್ರಿ ಊಟದ ಮೇಲೆ ನೀರು ಕುಡಿಯುವುದನ್ನು ಬಿಟ್ಟಳು.

ಚಿಲಕ ಹಾಕುತ್ತಿದ್ದರೂ ನಾಲ್ಕನೆಯ ಬೆಲ್ಟು ಹರಿಯಿತು. ಇನ್ನೇನು ಹೇಳುತ್ತಾನೆ ಎಂದು ನಾನು ಕುತೂಹಲದಿಂದ ಕಾದೆ. ಅಪ್ಪ ಕಾರಿನ ಮುಂದೆ ನಿಂತು ಕಿಟಕಿಯನ್ನು ಮೇಲಿಂದ ಕೆಳಗೆ ನೋಡಿದ. ಮುಚ್ಚಿದ ಕಿಟಕಿಯ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದಿತ್ತು. ಒಂದು ಗೋಣಿಚೀಲ ತಂದು ಹೊರಗಿನಿಂದ ಮೊಳೆ ಹೊಡೆದ. ಅಲ್ಲಿಂದಾಚೆ ಅತ್ತೆ ಹಗಲಲ್ಲೂ ಸೀಮೆಎಣ್ಣೆ ಬುಡ್ಡಿ ಹಚ್ಚಿಕೊಂಡು ಸೂಜಿಗೆ ದಾರ ಪೋಣಿಸಿದಳು.

ಆದರೆ ಆ ಸಲ ಅವಳು ಸುಮ್ಮನಿರಲಿಲ್ಲ. ಅಪ್ಪ ಮೂಲೆಗೆ ಎಸೆದಿದ್ದ ನಾಲ್ಕನೆಯ ಬೆಲ್ಟನ್ನು ಎತ್ತಿಕೊಂಡು ಹೋಗಿ, ಟ್ರಂಕಿನ ಹಿಂದೆ ಇಟ್ಟಿದ್ದ ಮೂರನೆಯದರ ಪಕ್ಕಕ್ಕೆ ಹಾಕಿದಳು. ನನ್ನನ್ನು ಕರೆದು ನನ್ನ ಬೆರಳನ್ನು ಎರಡರ ಅಂಚಿನ ಮೇಲೂ ಎಳೆದಳು. ಎರಡರಲ್ಲೂ ಒಂದು ಅಂಚು ಹೊಸದರಂತೆ ಗಟ್ಟಿ. ಇನ್ನೊಂದು ಅಂಚು ಸವೆದು, ಒಳಗಿನ ನೂಲು ಮೀಸೆಯಂತೆ ಹೊರಗೆ ಬಂದಿತ್ತು.

"ನೋಡ್ದಾ? ಒಂದೇ ಕಡೆ ತಿಂದೈತೆ. ಎರಡ್ರಲ್ಲೂ ಅದೇ ಕಡೆ. ನನ್ ಮಿಷನ್ ಬೆಲ್ಟೂ ಇಂಗೇ ಆಗಿತ್ತು, ರಾಮನಾಥಪುರದಲ್ಲಿ. ಕೆಳಗಿನ ಚಕ್ರ ಮೇಲಿನ ಚಕ್ರಕ್ಕೆ ನೇರ ಇರಲಿಲ್ಲ. ಪಟ್ಟಿ ಓರೆಯಾಗಿ ಓಡಿ ಓಡಿ ಕಬ್ಬಿಣಕ್ಕೆ ಉಜ್ಜಿ ತಿಂಗಳಿಗೆ ಹರೀತಿತ್ತು. ಚಕ್ರ ನೇರ ಮಾಡ್ದೆ, ಇವತ್ತಿಗೂ ಅದೇ ಪಟ್ಟಿ."

"ನೀನು ಕಾರಿನ ಚಕ್ರ ನೋಡಿದ್ದೀಯಾ?"

"ನೋಡಾಕೆಲ್ಲಿ ಬುಟ್ಟವ್ರೆ? ಕಿವಿ ಐತಲ್ಲ. ನೀನು ಚಿಲಕ ಹಾಕಿದ್ ಮ್ಯಾಲೆ ಕೇಳಾದು ಬುಟ್ರೆ ನಂಗೇನು ಕೆಲ್ಸ? ಅದು ಒಂದೇ ಸಮ ಕೂಗಾಕಿಲ್ಲ, ಸುತ್ತಿಗೊಂದು ಸಲ ಕೂಗ್ತದೆ. ಒಂದು ಚಕ್ರ ಓಲಾಡ್ತೈತೆ."

ಊಟದ ಹೊತ್ತಿಗೆ ಅವಳು ಎರಡೂ ಬೆಲ್ಟನ್ನು ಸೆರಗಿನಲ್ಲಿ ಒರೆಸಿಕೊಂಡು ಬಂದು ಅಪ್ಪನ ಮುಂದೆ ಇಟ್ಟಳು. ಅಷ್ಟು ಹತ್ತಿರ ಅವಳು ಅವನ ಎದುರಿಗೆ ಕೂತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಹೇಳಬೇಕಾದ್ದನ್ನು ನಿಧಾನವಾಗಿ ಹೇಳಿದಳು. ಅಪ್ಪ ಮುದ್ದೆ ಮುರಿಯುತ್ತಾ ಅವ್ವನ ಕಡೆ ತಿರುಗಿ ನಕ್ಕ.

"ಕೇಳ್ದೇನೇ? ಲಂಗ ಹೊಲಿಯೋಳು ನಂಗೆ ಇಂಜಿನ್ನು ಯೋಳ್ಕೊಡ್ತಾಳೆ."

"ಯೋಳ್ಕೊಡ್ತಿಲ್ಲ ಅಣ್ಣಯ್ಯ. ಹಾಸನದ ಮೇಸ್ತ್ರಿಗೆ ಒಂದ್ಸಲ ತೋರ್ಸು ಅಂತೀನಿ ಅಷ್ಟೇಯ. ಚಕ್ರ ನೆಟ್ಟಗೈತೆ ಅಂತ ಅವ್ನು ಅಂದ್ರೆ, ಈ ಕೂಸಿನ ಕೈಲಿ ಚಿಲಕ ಯಾಕೆ, ನಾನೇ ಒಳಗಿಂದ ಹಾಕ್ಕೋತೀನಿ. ಸಾಯೋಗಂಟ ಹಾಕ್ಕೋತೀನಿ. ಸೊಟ್ಟ ಐತೆ ಅಂದ್ರೆ ಬಾಗ್ಲು ಹಾಕಿಸ್ಬೇಡ. ಗೋಣಿ ಕಿತ್ತಾಕು. ಕಣ್ಣು ಕಾಣಾಕಿಲ್ಲ ಅಣ್ಣಯ್ಯ."

ಅವ್ವ ಸಾರಿನ ಪಾತ್ರೆಯಲ್ಲಿ ಸೌಟು ಆಡಿಸುತ್ತಾ ನಿಂತಿದ್ದಳು. ಅಪ್ಪ ಬಹಳ ಹೊತ್ತು ಬೆಲ್ಟನ್ನು ನೋಡಿದ. ಹೆಬ್ಬೆರಳಿನಿಂದ ಅಂಚನ್ನು ಸವರಿದ.

"ಆಯ್ತು. ಮೇಸ್ತ್ರಿ ಯೋಳ್ದಂಗೆ," ಎಂದ.

ಆ ವಾರವೇ ನನಗೆ ಕಣ್ಣು ತೋರಿಸಬೇಕಿತ್ತು, ಹಾಗಾಗಿ ನಾನೂ ಹಾಸನಕ್ಕೆ ಕಾರಿನಲ್ಲಿ ಹೋದೆ. ಮೇಸ್ತ್ರಿಯ ಶೆಡ್ಡಿನ ಮುಂದೆ ಹುಣಸೆಮರ. ನಾನು ಹಿಂದಿನ ಸೀಟಿನಲ್ಲಿ ಬಾಗಿಲು ತೆರೆದು ಕಾಲು ಇಳಿಬಿಟ್ಟು ಕೂತಿದ್ದೆ. ಮೇಸ್ತ್ರಿ ಬಾನೆಟ್ ಎತ್ತಿ, ಹರಿದ ಬೆಲ್ಟನ್ನು ಕೈಗೆ ತೆಗೆದುಕೊಂಡು, ಅಂಚನ್ನು ನೋಡಿದವನೇ "ಹಾಂ" ಎಂದ. ನಾನು ಇಳಿದು ಹೋಗಿ ಅಪ್ಪನ ಹಿಂದೆ ನಿಂತೆ. ಒಂದು ಉದ್ದದ ಕಬ್ಬಿಣದ ಪಟ್ಟಿಯನ್ನು ಚಕ್ರಗಳ ಮುಖಕ್ಕೆ ಅಡ್ಡಲಾಗಿ ಹಿಡಿದ. ಎರಡು ಚಕ್ರಕ್ಕೆ ಪಟ್ಟಿ ಅಂಟಿ ನಿಂತಿತು, ಡೈನಮೋ ಚಕ್ರದ ಹತ್ತಿರ ಬೆಳಕು ತೂರಿತು. ಆಮೇಲೆ ಆ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ ತೋರಿಸಿದ. ಅದು ಕುಡಿದವನ ಹಾಗೆ ಓಲಾಡುತ್ತಿತ್ತು.

"ಯಜಮಾನ್ರೇ, ಬೆಲ್ಟಿಂದೇನೂ ತಪ್ಪಿಲ್ಲ. ಡೈನಮೋ ಪುಲ್ಲಿ ಸೊಟ್ಟ ಆಗದೆ. ಇಕಾ ನೋಡಿ, ಅಂಚಿನ ಮೇಲೆ ಸುತ್ತಿಗೆ ಏಟು. ಯಾವ ಪುಣ್ಯಾತ್ಮ ಇದನ್ನ ಬಡ್ದು ಕೂರ್ಸಿದ್ದು? ನೀವು ಬ್ರಹ್ಮನ ಬೆಲ್ಟೇ ತಂದ್ ಹಾಕಿ, ಎರಡು ತಿಂಗ್ಳೇಯ."

"ಯಾರೋ ಅರಕಲಗೂಡಿನಲ್ಲಿ," ಎಂದ ಅಪ್ಪ.

ಅದು ಅರಕಲಗೂಡಲ್ಲ. ಮೊದಲ ಬೆಲ್ಟು ಹರಿಯುವ ಮುಂಚೆ ಡೈನಮೋ ಕೆಟ್ಟಿದ್ದಾಗ ಅಪ್ಪ ಚನ್ನರಾಯಪಟ್ಟಣದಿಂದ ಹಳೆಯದೊಂದನ್ನು ತಂದು, ಮೇಸ್ತ್ರಿ ಯಾಕೆಂದು, ನಮ್ಮ ಮನೆ ಮುಂದೆಯೇ ತಾನೇ ಕೂರಿಸಿದ್ದ. ಪುಲ್ಲಿ ಒಳಗೆ ಹೋಗದೆ ಇಡೀ ಬೀದಿಗೆ ಕೇಳುವಂತೆ ಬಡಿದಿದ್ದ. ನನಗೆ ಅದು ಚೆನ್ನಾಗಿ ನೆನಪಿತ್ತು. ಅಪ್ಪ ತಿರುಗಿ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಮೇಸ್ತ್ರಿ ಬೇರೆ ಪುಲ್ಲಿ ಹಾಕಿ, ಪಟ್ಟಿ ಹಿಡಿದು ಮತ್ತೊಮ್ಮೆ ನೋಡಿ, ಹೊಸ ಬೆಲ್ಟು ಹಾಕಿದ. ಕಾರು ಚಾಲೂ ಮಾಡಿದಾಗ ಕೂಗಲಿಲ್ಲ.

ವಾಪಸ್ಸು ಬರುವಾಗ ಅಪ್ಪ ನನ್ನನ್ನು ಮುಂದಿನ ಸೀಟಿಗೆ ಕರೆದು ಕೂರಿಸಿಕೊಂಡ. ಅಲ್ಲಿ ನಾನು ಯಾವತ್ತೂ ಕೂತಿರಲಿಲ್ಲ. ಊರು ಹತ್ತಿರವಾಯಿತು. ಆಮೇಲೆ ರಸ್ತೆಯನ್ನೇ ನೋಡುತ್ತಾ ಹೇಳಿದ.

"ಮೇಸ್ತ್ರಿ ಏನೂ ಅನ್ನಲಿಲ್ಲ. ಬೆಲ್ಟು ಹಾಕ್ದ, ಅಷ್ಟೇಯ. ತಿಳೀತೇನಮ್ಮಿ? ಹೆಂಗಸ್ರ ಮಾತು ಗೆದ್ರೆ ಮನೇಲಿ ನಾನು ಇರಾಕಾಗಲ್ಲ."

"ಊಂ," ಎಂದೆ. ಹೆದರಿಕೆಯಿಂದ ಹಾಗೆಂದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ಇತ್ತು. ಆದರೆ ಆ ಮುಂದಿನ ಸೀಟಿನಿಂದ ಏಳಲು ನನಗೆ ಇಷ್ಟವೂ ಇರಲಿಲ್ಲ.

ಗೌರತ್ತೆ ಜಗಲಿಯ ಕಂಬ ಹಿಡಿದು ನಿಂತಿದ್ದಳು. ಕಾರಿನ ಸದ್ದು ಕೇಳಿಯೇ ಅವಳ ಮುಖ ಅರಳಿತ್ತು. ಅಪ್ಪ ಅವಳನ್ನು ದಾಟಿ ಒಳಗೆ ಹೋದ. ಅವಳು ನನ್ನ ಗದ್ದ ಹಿಡಿದೆತ್ತಿದಳು.

"ಮೇಸ್ತ್ರಿ ಏನಂದ ಮಗ?"

"ಏನೂ ಅನ್ನಲಿಲ್ಲ. ಚಕ್ರ ನೆಟ್ಟಗೈತಂತೆ."

ಎರಡನೆಯ ಮಾತನ್ನು ಅಪ್ಪ ಹೇಳಿಕೊಟ್ಟಿರಲಿಲ್ಲ. ನಾನೇ ಸೇರಿಸಿದೆ. ಅವಳು ನನ್ನ ಗದ್ದವನ್ನು ಹಿಡಿದೇ ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ಬಿಟ್ಟಳು. ಮರುದಿನ ಬೆಳಿಗ್ಗೆ ಅಪ್ಪ ಊದುಕಡ್ಡಿ ಹಚ್ಚುವ ಮೊದಲೇ ಆ ಕೋಣೆಯ ಒಳಗಿನಿಂದ ಅಗುಳಿ ಬಿದ್ದ ಸದ್ದು ಕೇಳಿಸಿತು. ನನ್ನ ಕೆಲಸ ಹೋಯಿತು.

ಆ ಬೆಲ್ಟು ಮೂರು ವರ್ಷ ಬಂತು. ಅಪ್ಪ ಅದನ್ನು ಬಸ್ ಸ್ಟ್ಯಾಂಡಿನಲ್ಲಿ, ನೆಂಟರ ಮನೆಗಳಲ್ಲಿ, ಕಾರಿನಲ್ಲಿ ಕೂತವರಿಗೆಲ್ಲ ಹೇಳಿದ. ತಂಗಿ ಬಾಗಿಲು ಹಾಕಿಕೊಳ್ಳಲು ಶುರು ಮಾಡಿದ ಮೇಲೆ ಒಂದು ನೂಲೂ ಬಿಟ್ಟಿಲ್ಲ ನೋಡಿ ಎಂದು ಬಾನೆಟ್ಟೆತ್ತಿ ತೋರಿಸುತ್ತಿದ್ದ. ಜನ ಬಗ್ಗಿ ನೋಡಿ ಹೌದೆನ್ನುತ್ತಿದ್ದರು. ಕಣ್ಣಿಗೆ ಕಾಣುವ ಸಾಕ್ಷಿ. ಮಾತು ಬೀದಿಯಿಂದ ಬೀದಿಗೆ ಹೋಯಿತು. ದುದ್ದದವರು ಮದುವೆ ರವಿಕೆ ತರುವುದನ್ನು ನಿಲ್ಲಿಸಿದರು, ಆಮೇಲೆ ಹಳ್ಳಿಮೈಸೂರಿನವರು. ತೊಟ್ಟಿಲ ಬಟ್ಟೆ ಕೊಟ್ಟಿದ್ದ ಎದುರುಮನೆಯವಳು ಕತ್ತರಿಸಿದ್ದನ್ನೇ ವಾಪಸ್ಸು ಇಸಿದುಕೊಂಡು ಹೋದಳು. ಕೊನೆಗೆ ಅವಳ ಮಿಷನ್ನಿಗೆ ಉಳಿದದ್ದು ದಿಂಬಿನ ಚೀಲ, ನಮ್ಮ ಮನೆಯ ಹರಿದ ಬಟ್ಟೆ ಮತ್ತು ನನ್ನ ಲಂಗ. ಗೋಣಿಯನ್ನು ಯಾರೂ ಕೀಳಲಿಲ್ಲ.

ಆಮೇಲಿನದು ಬಹಳವಿಲ್ಲ. ನನ್ನ ಮದುವೆಯಾಯಿತು. ಕಾರು ಗುಜರಿಗೆ ಹೋಯಿತು, ಅಪ್ಪ ಹೋದ, ಅವ್ವ ಹೋದಳು. ಕಣ್ಣು ಮಂಜಾಗಿದ್ದ ಗೌರತ್ತೆಯನ್ನು ಹಾಸನಕ್ಕೆ ಕರೆತಂದೆ. ಅವಳ ತಲೆ ಬಾಚಿದೆ, ಉಗುರು ಕತ್ತರಿಸಿದೆ, ಬಾಯಿಗೆ ಅನ್ನ ಇಟ್ಟೆ. ಹೇಳಬೇಕಾದ್ದನ್ನು ಮಾತ್ರ ಬಹಳ ವರ್ಷ ಹೇಳಲಿಲ್ಲ. ಇಷ್ಟು ದಿನದ ಮೇಲೆ ಹೇಳಿ ಅವಳಿಗೇನು ಲಾಭ ಎಂದುಕೊಳ್ಳುತ್ತಿದ್ದೆ. ಲಾಭದ ಮಾತಲ್ಲ, ನನಗೆ ನಾಚಿಕೆ.

ಹೋದ ವರ್ಷ ಚನ್ನರಾಯಪಟ್ಟಣದ ನನ್ನ ಅಳಿಯ ಹೊಸ ಕಾರು ತೆಗೆದುಕೊಂಡು ಮಗಳ ಜೊತೆ ತೋರಿಸಲು ಬಂದ. ಎಲ್ಲರೂ ಬಾಗಿಲಿಗೆ ಓಡಿದೆವು. ಅವರು ಹೊರಡುವಾಗ ಗೌರತ್ತೆ ಕಾಣಲಿಲ್ಲ. ಹುಡುಕಿದರೆ ಬಚ್ಚಲುಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ಯಾರೂ ಅವಳಿಗೆ ಏನೂ ಹೇಳಿರಲಿಲ್ಲ.

"ಅತ್ತೆ, ಆಚೆ ಬಾ. ಇಲ್ಯಾರೂ ಅಂಗೆಲ್ಲ ಅನ್ನಾಕಿಲ್ಲ."

"ಒಸ ಗಾಡಿ ಕಣವ್ವ. ಅವ್ರು ಓಗ್ಲಿ, ಆಮ್ಯಾಕೆ ಬತ್ತೀನಿ."

ನನಗೆ ಇನ್ನು ತಡೆಯಲಾಗಲಿಲ್ಲ. ಬಾಗಿಲಿಗೆ ಬಾಯಿ ಹಚ್ಚಿ ಎಲ್ಲವನ್ನೂ ಹೇಳಿಬಿಟ್ಟೆ. ಮೇಸ್ತ್ರಿ ಅವತ್ತೇ ಹೇಳಿದ್ದ, ಡೈನಮೋ ಪುಲ್ಲಿ ಸೊಟ್ಟಗಿತ್ತು, ನೀನು ಹೇಳಿದ್ದೇ ಸರಿಯಾಗಿತ್ತು, ಅದನ್ನು ಬದಲಾಯಿಸಿದ್ದಕ್ಕೇ ಬೆಲ್ಟು ಉಳಿಯಿತು, ಅಪ್ಪ ಬಾಯಿ ಮುಚ್ಚಿಸಿದ, ನಾನು ಸುಳ್ಳು ಹೇಳಿದೆ ಎಂದೆ.

"ನಂಗೊತ್ತು ಕಣವ್ವ," ಎಂದಳು ಒಳಗಿನಿಂದ. "ಅವತ್ತು ಕಾರು ಕೂಗ್ದಂಗೆ ಬಂತಲ್ಲ, ಆವಾಗ್ಲೇ ಗೊತ್ತಾಯ್ತು. ಪುಲ್ಲಿ ಸೊಟ್ಟ ಆಗಿದ್ದೇನೋ ದಿಟ. ಎಂಗೆ ಸೊಟ್ಟ ಆಯ್ತು ಅಂದ ಮೇಸ್ತ್ರಿ?"

"ಅಪ್ಪನೇ ಬಡ್ದಿದ್ದು ಅತ್ತೆ. ನಮ್ಮನೆ ಮುಂದೆ, ಸುತ್ತಿಗೇಲಿ."

"ಊಂ. ಆ ಸುತ್ತಿಗೆ ತಂದ್ಕೊಟ್ಟಿದ್ದು ನಾನೇಯ. ಅದು ಕೂರೋಗಂಟ ಎದುರ್ಗೇ ನಿಂತಿದ್ದೆ. ನನ್ ಕಣ್ಣು ಬೀಳ್ದೆ ನೆಟ್ಟಗಿದ್ದ ಪುಲ್ಲಿ ಸುಮ್ನೆ ಸೊಟ್ಟ ಆಯ್ತದಾ ಮಗ?"

ಹೊರಗೆ ಅಳಿಯ ಕಾರು ಚಾಲೂ ಮಾಡಿದ. ಮಗಳು ನನ್ನನ್ನು ಕೂಗಿದಳು, ನಾನು ಹೋಗಲಿಲ್ಲ. ಕಾರಿನ ಸದ್ದು ಬೀದಿ ತಿರುಗಿ, ಪೂರ್ತಿ ಅಡಗಿದ ಮೇಲೆ ಗೌರತ್ತೆ ಬಾಗಿಲು ತೆಗೆದಳು.